ದಾರದ ತುದಿಯ ಎಂಜಲು

ಮನೆಯಿಂದ,
ಹದಿನಾಲ್ಕನೆಯ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪಾ? ಕೆಮ್ಮು ಇಳಿಯಿತೇ? ಸುರಂಗದೊಳಕ್ಕೆ ಹೋಗುವಾಗ ಕಂಪನಿಯವರು ಕೊಟ್ಟ ಮುಖಗವಸನ್ನು ನಿಜವಾಗಿ ಮೂಗಿಗೆ ಹಾಕಿಕೊಳ್ಳುತ್ತೀಯೋ, ಇಲ್ಲಾ ಮೇಲಿನವರು ಬಂದಾಗ ಮಾತ್ರ ಏರಿಸಿ ಉಳಿದ ಹೊತ್ತು ಗಲ್ಲಕ್ಕೆ ಸಿಕ್ಕಿಸಿಕೊಂಡಿರುತ್ತೀಯೋ? ನನ್ನ ಮುಂದೆ ಸುಳ್ಳು ಹೇಳಬೇಡ. ಶಾಲೆಗೆ ಹೋಗುವಾಗ ಬೀದಿಯ ತಿರುವು ದಾಟಿದ ಕೂಡಲೇ ಟೋಪಿ ತೆಗೆದು ಚೀಲಕ್ಕೆ ತುರುಕುತ್ತಿದ್ದವನು ನೀನು. ನಾನು ಚೆನ್ನಾಗಿದ್ದೇನೆ. ನಿನ್ನ ಹೆಂಡತಿ ಚೆನ್ನಾಗಿದ್ದಾಳೆ. ನಮ್ಮ ಜೀರಿಗೆಯಂತೂ ನಾಲ್ಕು ವರ್ಷಕ್ಕೇ ನಾಲ್ಕು ಜನರ ಮಾತು ಆಡುತ್ತಾಳೆ, ನಿನ್ನ ಮಗಳು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಮೂವರೂ ಚೆನ್ನಾಗಿದ್ದೇವೆ ಎಂದು ಮೊದಲೇ ಬರೆದುಬಿಟ್ಟೆ, ಯಾಕೆಂದರೆ ಮುಂದಿನದನ್ನು ಓದಿ ನೀನು ಗಾಬರಿ ಬೀಳಬಾರದು.

ಆದರೆ ಮುಂದೆ ಓದುವ ಮೊದಲು ಒಂದು ಕೆಲಸ ಮಾಡು. ನೀನು ಹೊರಟಾಗ ಕೀಲಿಗೊಂಚಲಿಗೆ ನಾನು ಗುಲಗಂಜಿ ಬೀಜ ಪೋಣಿಸಿ ಒಂದು ಕುಚ್ಚು ಕಟ್ಟಿಕೊಟ್ಟಿದ್ದೆನಲ್ಲ, ಅದನ್ನು ಬಿಸಾಕಿದೆಯೋ ಇಲ್ಲವೋ? ಇಲ್ಲ ಎಂದು ನನಗೆ ಗೊತ್ತು. ಅಮ್ಮ ಕಟ್ಟಿದ್ದು ಎಂದು ಹಟಕ್ಕೆ ಇಟ್ಟುಕೊಂಡಿರುತ್ತೀಯ, ಯೋಚನೆಗೆ ಬಿದ್ದಾಗ ಪೆನ್ಸಿಲ್ ಕಚ್ಚುವ ಹಾಗೆ ಅದನ್ನೂ ಕಚ್ಚುತ್ತಿರುತ್ತೀಯ. ಈಗಲೇ ಎದ್ದು ಅದನ್ನು ಬಿಚ್ಚಿ, ಕಾಗದದಲ್ಲಿ ಸುತ್ತಿ, ಮುಚ್ಚಳವಿರುವ ಡಬ್ಬಿಗೆ ಹಾಕಿ ಮುಚ್ಚು. ಅಲ್ಲಿನ ಕಂಪನಿ ಡಾಕ್ಟರ ಕೈಗೆ ಕೊಟ್ಟು ಇದು ವಿಷದ ಬೀಜ ಎಂದು ಹೇಳು, ಕಚ್ಚುತ್ತಿದ್ದುದನ್ನೂ ಹೇಳು. ಸೋಪು ಹಚ್ಚಿ ಕೈ ತೊಳೆದುಕೋ. ತೊಳೆದೆಯಾ? ಈಗ ಕೂತು ಓದು.

ನಿನ್ನ ಪತ್ರ ಬುಧವಾರ ಬಂತು. ಓದಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿನ್ನ ಹೆಂಡತಿ ಫೋನ್ ಮಾಡಿ "ರೀ, ಅತ್ತೆ ಕಟ್ಟಿಕೊಟ್ಟ ಕುಚ್ಚು ಬಿಸಾಕಿಬಿಡಿ, ಯಾಕೆ ಅಂತ ಆಮೇಲೆ ಹೇಳ್ತೀನಿ" ಎಂದಳು, ಅಷ್ಟರಲ್ಲಿ ಫೋನ್ ಕಟ್ಟಾಯಿತು. ಅಷ್ಟಕ್ಕೇ ನೀನು ಅತ್ತೆ ಸೊಸೆ ಹಾವು ಮುಂಗುಸಿ ಆಗಿದ್ದಾರೆ ಎಂದು ತೀರ್ಮಾನಿಸಿ ಮುಖ ಊದಿಸಿಕೊಂಡು ಕೂತೆ. ನಿನಗೆ ಎರಡು ಕೋಣೆಯ ಮನೆ ಕೊಟ್ಟಿದ್ದಾರೆ, ಒಬ್ಬನೇ ಇರಲು ಬೇಸರ, ಆದ್ದರಿಂದ ಸೊಸೆಗೆ "ಆ ಲ್ಯಾಬಿನ ಉಚ್ಚೆ ಬಾಟಲಿಯ ಕೆಲಸ" ಬಿಡಿಸಿ, ಮಗುವಿನ ಜೊತೆ ತಿಂಗಳ ಕೊನೆಗೆ ಕಳಿಸು, ಅಮ್ಮ ಹೇಳಿದರೆ ಅವಳು ಕೇಳುತ್ತಾಳೆ ಎಂದು ಬರೆದಿದ್ದೀಯ. ಅವಳಿಗೂ ಅದನ್ನೇ ಬರೆದಿದ್ದೀಯಂತೆ. ಅವಳು ಓದಿದಳು, ಮಡಚಿಟ್ಟಳು, ಒದ್ದೆ ಬಟ್ಟೆಯ ಬಕೆಟ್ ಎತ್ತಿಕೊಂಡು ಮಹಡಿಗೆ ಹೋದಳು. ಬಟ್ಟೆ ಒಣಹಾಕಲು ಅಷ್ಟು ಹೊತ್ತು ಬೇಕಾಗುವುದಿಲ್ಲ ಎಂದು ನನಗೂ ಗೊತ್ತು. ಇಳಿದು ಬಂದಾಗ ಕಣ್ಣು ಕೆಂಪಾಗಿತ್ತು. "ಅವರು ಹೇಳಿದ ಹಾಗೇ ಆಗಲಿ ಬಿಡಿ ಅತ್ತೆ" ಎಂದಳು. ಅವಳು ಕೆಲಸ ಬಿಡಬೇಕೇ, ಇರಬೇಕೇ ಎನ್ನುವ ಮಾತಿಗೆ ಬರುತ್ತೇನೆ. ಮೊದಲು ನಡೆದದ್ದನ್ನು ಕೇಳು. ಫೋನಿನಲ್ಲಿ ಅರ್ಧಂಬರ್ಧ ಕೇಳಿದರೆ ನೀನು ಎದ್ದೆನೋ ಬಿದ್ದೆನೋ ಎಂದು ಓಡಿ ಬರುತ್ತೀಯ, ಪೂರ್ತಿ ನಾನೇ ಬರೆಯುತ್ತೇನೆ ಎಂದು ಅವಳ ಬಾಯಿ ಕಟ್ಟಿಸಿದವಳು ನಾನು. ಕುಚ್ಚನ್ನು ನೀನು ಆಗಲೇ ಬಿಸಾಕಿರುತ್ತೀಯ ಎಂದುಕೊಂಡು ಕೂತವಳೂ ನಾನೇ. ಆದ್ದರಿಂದ ಬೈಯುವುದಿದ್ದರೆ ನನ್ನನ್ನು ಬೈ.

ಒಂದೆರಡು ತಿಂಗಳಿಂದ ನನ್ನ ಹೊಟ್ಟೆ ನನ್ನ ಮಾತು ಕೇಳುತ್ತಿರಲಿಲ್ಲ. ಬೆಳಿಗ್ಗೆ ಚೆನ್ನಾಗಿರುವುದು, ಸಂಜೆಯಾದರೆ ಹಿಂಡಿದ ಹಾಗಾಗುವುದು, ವಾಕರಿಕೆ, ಒಂದೊಂದು ದಿನ ವಾಂತಿ. ನಾನು ಏನು ಮಾಡಿದೆ ಹೇಳು? ಡಾಕ್ಟರ ಹತ್ತಿರ ಹೋದೆನೇ? ನಿನ್ನ ಅಮ್ಮ ಹಾಗೆಲ್ಲ ಹೋಗುವವಳೇ? ಸೊಸೆಯ ಅಡುಗೆಯನ್ನು ಹಿಡಿದುಕೊಂಡೆ. ಎಣ್ಣೆ ಜಾಸ್ತಿಯಾಯಿತು ಎಂದೆ. ಅವಳು ಎಣ್ಣೆ ಬಿಟ್ಟಳು. ಖಾರ ಎಂದೆ, ಖಾರ ಬಿಟ್ಟಳು. ಕೊನೆಗೆ ಅವಳ ಅಡುಗೆಯಲ್ಲಿ ಬಿಸಿ ಒಂದು ಬಿಟ್ಟರೆ ಏನೂ ಉಳಿದಿರಲಿಲ್ಲ, ಆದರೂ ನನ್ನ ಹೊಟ್ಟೆ ನೋವು ಹೋಗಲಿಲ್ಲ. ಇನ್ನು ನೀರನ್ನೇ ಸರಿಯಾಗಿ ಕಾಯಿಸಲು ಬರುವುದಿಲ್ಲ ಎನ್ನುವುದೊಂದು ಬಾಕಿ ಇತ್ತು. ಅದನ್ನೂ ಹೇಳುತ್ತಿದ್ದೆನೋ ಏನೋ, ಅಷ್ಟರಲ್ಲಿ ಅವಳೇ ಒಂದು ಸಂಜೆ ಮುಚ್ಚಳದ ಪುಟ್ಟ ಬಾಟಲಿ ಹಿಡಿದು ನಾಚುತ್ತಾ ಬಂದು ನಿಂತಳು. "ಅತ್ತೆ, ತಪ್ಪು ತಿಳ್ಕೋಬೇಡಿ, ನಿಮ್ಮದೊಂದು ಉಪಕಾರ ಬೇಕಿತ್ತು" ಎಂದಳು. ಒಡವೆ ಕೇಳುತ್ತಾಳೇನೋ ಅಂದುಕೊಂಡೆ. ಕೇಳಿದ್ದು ಉಚ್ಚೆ.

ವಿಷಯ ಏನೆಂದರೆ, ಅವರ ಆಸ್ಪತ್ರೆಯ ಲ್ಯಾಬಿನಲ್ಲಿ ಹೊಸದೊಂದು ಪರೀಕ್ಷೆ ಶುರುಮಾಡುತ್ತಿದ್ದರು. ಗಿಡಗಳ ವಿಷ ಯಾರ ಮೈಗಾದರೂ ಸೇರಿದೆಯೇ ಎಂದು ಮೂತ್ರ ನೋಡಿ ಹೇಳುವ ಪರೀಕ್ಷೆ. ಹರಳು ಬೀಜ, ಗುಲಗಂಜಿ ಬೀಜ, ಇಂಥವುಗಳ ಒಳಗೆ ಕೆಟ್ಟ ವಿಷ ಇರುತ್ತದಂತೆ. ಆ ವಿಷವನ್ನು ಮೂತ್ರದಲ್ಲಿ ಹುಡುಕಿ ಹಿಡಿಯುವುದು ಕಷ್ಟ. ಆದರೆ ಅದೇ ಬೀಜದಲ್ಲಿ ವಿಷದ ಜೊತೆಗೇ ಇನ್ನೊಂದು ಚಿಕ್ಕ ವಸ್ತು ಇರುತ್ತದೆ. ಅದು ಅಂಥ ಕೇಡು ಮಾಡುವುದಿಲ್ಲ, ಒಳಗೆ ಹೋದದ್ದು ಒಂದೆರಡು ದಿನದಲ್ಲಿ ಮೂತ್ರದಲ್ಲಿ ಹೊರಗೆ ಬಂದುಬಿಡುತ್ತದೆ. ಕಳ್ಳ ಸಿಗದಿದ್ದರೂ ಅವನ ಚಪ್ಪಲಿ ಸಿಕ್ಕಿದ ಹಾಗೆ ಎಂದು ಅವಳು ನನಗೆ ತಿಳಿಯುವ ಹಾಗೆ ಹೇಳಿದಳು. ಕಾಯಿಲೆಯವರನ್ನು ಪರೀಕ್ಷೆ ಮಾಡುವ ಮೊದಲು, ಯಾವ ವಿಷವನ್ನೂ ಮುಟ್ಟದ ಸಾಮಾನ್ಯ ಜನರ ಮೂತ್ರ ಹೇಗಿರುತ್ತದೆ ಎಂದು ಯಂತ್ರಕ್ಕೆ ತೋರಿಸಬೇಕಂತೆ. ಅದಕ್ಕಾಗಿ ಲ್ಯಾಬಿನವರೆಲ್ಲ ಒಪ್ಪಿದ ಮನೆಮಂದಿಯಿಂದ, ನೆಂಟರಿಂದ ಬಾಟಲಿ ತುಂಬಿಸಿ ತರುತ್ತಿದ್ದರು. ನಾನು ಎಷ್ಟು ನಕ್ಕೆ ಗೊತ್ತೇ? ಇಷ್ಟು ವರ್ಷ ಓದಿ ಮನೆಮನೆಗೆ ಹೋಗಿ ಇದನ್ನು ಬೇಡುವ ಹಾಗಾಯಿತೇ ಎಂದು ಅವಳಿಗೆ "ಬಾಟಲಿ ಮೇಡಂ" ಎಂದು ಹೆಸರಿಟ್ಟೆ. ಆದರೂ ಕೊಡುವಾಗ ಜಿಪುಣತನ ಮಾಡಲಿಲ್ಲ, ಕಂಠಪೂರ್ತಿ ತುಂಬಿಸಿ ಕೊಟ್ಟೆ. ಅರ್ಧ ಸಾಕಿತ್ತು ಅತ್ತೆ ಎಂದು ಅವಳು ಅದನ್ನು ಅಲುಗಾಡದಂತೆ ಹಿಡಿದುಕೊಂಡು ಹೋದ ಚೆಂದವನ್ನು ನೀನು ನೋಡಬೇಕಿತ್ತು.

ಬಾಟಲಿಯ ಮೇಲೆ ಹೆಸರು ಇರುವುದಿಲ್ಲ, ಬರೀ ಸಂಖ್ಯೆ. ಯಾವ ಸಂಖ್ಯೆ ಯಾರದು ಎಂದು ಲ್ಯಾಬಿನ ದೊಡ್ಡ ಮೇಡಂ ಒಬ್ಬರಿಗೇ ಗೊತ್ತು. ಎಲ್ಲರ ಮೂತ್ರಕ್ಕೂ ಯಂತ್ರದ ಗೆರೆ ಇಸ್ತ್ರಿ ಹಾಕಿದ ಹಾಗೆ ನೆಟ್ಟಗೆ ಹೋಯಿತಂತೆ. ಒಂದು ಬಾಟಲಿಗೆ ಮಾತ್ರ ನಡುವೆ ಚೂಪಾಗಿ ಎದ್ದು ನಿಂತಿತು, ಗುಲಗಂಜಿಯ ಗುರುತು ಎಲ್ಲಿ ಬರಬೇಕೋ ಸರಿಯಾಗಿ ಅಲ್ಲೇ. ಲ್ಯಾಬಿನವರೇ ಏನೋ ಬೆರಕೆ ಮಾಡಿದ್ದಾರೆ ಎಂದು ಮೊದಲು ಎಲ್ಲರೂ ತಮ್ಮನ್ನೇ ತಾವು ಬೈದುಕೊಂಡರು. ಗಾಜೆಲ್ಲ ತೊಳೆದು, ಬರೀ ನೀರು ಹಾಕಿ ನೋಡಿ, ಮತ್ತೆ ಅದೇ ಬಾಟಲಿಯಿಂದ ತೆಗೆದು ಹಾಕಿದರು. ಮತ್ತೆ ಎದ್ದಿತು. ಆಗ ದೊಡ್ಡ ಮೇಡಂ ಸೊಸೆಯನ್ನು ಪಕ್ಕಕ್ಕೆ ಕರೆದು "ಇದು ನಿಮ್ಮ ಅತ್ತೆಯವರದು, ಇನ್ನೊಂದು ಸಲ ತರ್ತೀರಾ" ಎಂದು ಕೇಳಿದರಂತೆ. ಆ ವಾರ ನಾನು ತಂಗಿಯ ಮನೆಗೆ ಹೋಗಿದ್ದೆ. ಹೊಟ್ಟೆನೋವು ಅಲ್ಲಿ ತಟ್ಟನೆ ಕಡಿಮೆಯಾಗಿತ್ತು, ನೋಡು ನನ್ನ ತಂಗಿಯ ಕೈಯಡುಗೆ ಎಂದು ಸೊಸೆಗೆ ಚುಚ್ಚಲು ಒಳ್ಳೆಯ ಮಾತು ಸಿಕ್ಕಿತು ಎಂದು ಖುಷಿಯಾಗಿದ್ದೆ. ಬಂದ ದಿನವೇ ಬಾಟಲಿ ತುಂಬಿಸಿ ಕೊಟ್ಟೆ. ಏನೂ ಇರಲಿಲ್ಲ. ಮೊದಲನೆಯದು ಏನೋ ತಪ್ಪಾಗಿರಬೇಕು, ಬಿಟ್ಟುಬಿಡಿ ಎಂದು ಲ್ಯಾಬಿನಲ್ಲಿ ಎಲ್ಲರೂ ಕೈತೊಳೆದುಕೊಂಡರು. ನಿನ್ನ ಹೆಂಡತಿ ಬಿಡಲಿಲ್ಲ.

ಒಂದು ರಜೆಯ ದಿನ ಬೆಳಿಗ್ಗೆ ನಾನು ಕಿಟಕಿಯ ಪಕ್ಕ ಚಾಪೆ ಹಾಸಿ ಸರದ ಕೆಲಸಕ್ಕೆ ಕೂತೆ. ಸರದಂಗಡಿಯ ಯಜಮಾನಿ ಈ ವರ್ಷ ಗಾಜಿನ ಮಣಿ ಬಿಟ್ಟು ಗುಲಗಂಜಿ ಬೀಜ ಕೊಡುತ್ತಿದ್ದಳು, ಕೊಳ್ಳುವವರಿಗೆ ಈಗ ಗಿಡದಿಂದ ಬಂದದ್ದೇ ಬೇಕಂತೆ. ನಾನು ಬೀಜ ನೆನೆಹಾಕಿ, ನಿನ್ನ ಅಪ್ಪನ ಕಾಲದ ಕೈಬೈರಿಗೆಯಿಂದ ತೂತು ಕೊರೆದು, ತೂತಿನ ಪುಡಿಯನ್ನು ಬಾಯಿಂದ ಫೂ ಎಂದು ಊದಿ ತೆಗೆದು, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡಿ ಪೋಣಿಸುತ್ತಿದ್ದೆ. ಚಿಕ್ಕಂದಿನಿಂದ ಹೀಗೇ ಮಾಡಿದ್ದು. ದಾರಕ್ಕೆ ಎಂಜಲು ತಾಗಿಸದೆ ಪೋಣಿಸುವವಳನ್ನು ನಮ್ಮ ಕಸುಬಿನಲ್ಲಿ ನಾನು ಕಂಡಿಲ್ಲ. ಗಾಜಿನ ಮಣಿಗೆ ಅದರಿಂದ ಏನೂ ಆಗುವುದಿಲ್ಲ, ಅದೇ ಕೈ ಅದೇ ಬಾಯಿ ಬೀಜಕ್ಕೂ ನಡೆಯಿತು. ಸೊಸೆ ಕಾಫಿ ಲೋಟ ಹಿಡಿದು ಬಾಗಿಲಿಗೆ ಒರಗಿ ನಿಂತಿದ್ದಳು. ಕಾಫಿ ಕುಡಿಯುವುದನ್ನು ಮರೆತು ನನ್ನನ್ನೇ ನೋಡುತ್ತಿದ್ದಳು. ಇವಳಿಗೇನಾಯಿತು, ಅತ್ತೆ ಇವತ್ತು ಅಷ್ಟು ಚೆಂದ ಕಾಣುತ್ತಿದ್ದಾಳೆಯೇ ಎಂದುಕೊಂಡೆ. ಅವಳು ಲೋಟ ಕೆಳಗಿಟ್ಟು ನಿಧಾನವಾಗಿ "ಅತ್ತೆ, ಆ ದಾರ ಬಾಯಿಂದ ತೆಗೀರಿ" ಎಂದಳು. ಸಿಪ್ಪೆ ಗಟ್ಟಿಯಾಗಿರುವ ತನಕ ಆ ಬೀಜ ಹೆಚ್ಚು ತಂಟೆ ಮಾಡುವುದಿಲ್ಲವಂತೆ. ತೂತು ಹಾಕಿದರೆ ಒಳಗಿನದೆಲ್ಲ ಹೊರಗೆ. ನಾನು ದಿನವೂ ಅದನ್ನು ಊದುತ್ತಿದ್ದೆ, ನೆಕ್ಕುತ್ತಿದ್ದೆ, ಆಮೇಲೆ ಹೊಟ್ಟೆನೋವಿಗೆ ಅವಳ ಅಡುಗೆಯನ್ನು ಬೈಯುತ್ತಿದ್ದೆ. ಆಗಲೇ ಒಂದು ಬಾಟಲಿ ತುಂಬಿಸಿಕೊಂಡಳು. ಅದರಲ್ಲಿ ಆ ಚೂಪು ಮತ್ತೆ ಎದ್ದಿತ್ತು ಎಂದು ಆಮೇಲೆ ಗೊತ್ತಾಯಿತು. ಆದರೆ ಆ ಹೊತ್ತಿಗೆ ನನಗೆ ನನ್ನ ಚಿಂತೆಯೇ ಇರಲಿಲ್ಲ.

ಯಾಕೆಂದರೆ ನನ್ನ ತೊಡೆಯ ಪಕ್ಕ ಜೀರಿಗೆ ಕೂತಿದ್ದಳು, ಕೈಯಲ್ಲಿ ತನ್ನದೇ ದಾರ ಹಿಡಿದು. ಅವಳಿಗೆ ನಾನು ಮರದ ಮಣಿಗಳನ್ನು ಕೊಟ್ಟಿದ್ದೆ, ಬೀಜ ಕೊಟ್ಟಿರಲಿಲ್ಲ. ಆದರೆ ಅವಳು ನನ್ನನ್ನೇ ನೋಡಿ ದಾರದ ತುದಿಯನ್ನು ಬಾಯಿಗಿಟ್ಟು, ಕಣ್ಣು ಕಿರಿದು ಮಾಡಿ, ಸೊಗಸಾಗಿ ಚೀಪಿ ಚೂಪು ಮಾಡುತ್ತಿದ್ದಳು. ಹಾಗೆ ಮಾಡಿದರೆ ದಾರ ಮಾತು ಕೇಳುತ್ತದೆ ಎಂದು ಕಲಿಸಿದವಳು ನಾನೇ. ಹಿಂದಿನ ದಿನ ಅವಳ ಹೊಟ್ಟೆಯೂ ಕೆಟ್ಟಿತ್ತು. ಸೊಸೆ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ, ಇಬ್ಬರಿಗೂ ಒಂದೇ ಯೋಚನೆ ಬಂತು. ಅವಳು ಮಗುವಿನ ಬಾಯಿ ತೊಳೆಸಿದಳು, ಬಟ್ಟೆ ಬದಲಿಸಿದಳು, ದೊಡ್ಡ ಮೇಡಂಗೆ ಫೋನ್ ಮಾಡಿದಳು, ಎಲ್ಲ ಒಂದರ ಹಿಂದೆ ಒಂದು. ನಾನು ಚಾಪೆಯಿಂದ ಏಳಲೇ ಇಲ್ಲ.

ಆಸ್ಪತ್ರೆಗೆ ಹೋದೆವು. ಡಾಕ್ಟರು ಮಗುವಿನ ನಾಡಿ, ಹೊಟ್ಟೆ ಎಲ್ಲ ನೋಡಿ, ಸದ್ಯಕ್ಕೆ ಚುರುಕಾಗಿದ್ದಾಳೆ, ಮೂತ್ರದ ಫಲಿತಾಂಶ ಬರಲಿ, ಅಲ್ಲಿಯ ತನಕ ಇಲ್ಲೇ ಇರಿ ಎಂದರು. ಇನ್ನು ಮೂತ್ರ! ಮನೆಯಲ್ಲಿ ಬೇಡವೆಂದರೂ ಹಾಸಿಗೆ ನೆನೆಸುವ ನಿನ್ನ ಮಗಳು ಅಲ್ಲಿ ಬೇಕೆಂದರೆ ಒಂದು ಹನಿ ಬಿಡಲಿಲ್ಲ. ನೀರು ಕುಡಿಸಿದೆವು. ನಲ್ಲಿ ಬಿಟ್ಟು ಸದ್ದು ಕೇಳಿಸಿದೆವು. ನರ್ಸಮ್ಮ ಶ್ಶ್ ಎಂದಳು, ನಾನು ಶ್ಶ್ ಎಂದೆ, ಕಸ ಗುಡಿಸುತ್ತಿದ್ದಾಕೆ ಪೊರಕೆ ಬಿಟ್ಟು ಬಂದು ಶ್ಶ್ ಎಂದಳು. ಜೀರಿಗೆ ಎಲ್ಲರನ್ನೂ ಗಂಭೀರವಾಗಿ ನೋಡಿ "ಯಾರೂ ನೋಡಬಾರದು" ಎಂದಳು. ನಾವೆಲ್ಲ ಗೋಡೆಯ ಕಡೆ ತಿರುಗಿ ನಿಂತೆವು. ಆಗ ಬಂತು. ಆ ಸದ್ದು ಕೇಳಿ ನನಗಾದ ಸಂತೋಷ, ನೀನು ಮೊದಲ ಸಲ ಅಮ್ಮಾ ಎಂದಾಗಲೂ ಆಗಿರಲಿಲ್ಲ.

ಆಮೇಲೆ ಕಾಯುವುದು. ಲ್ಯಾಬಿನ ಹೊರಗೆ ಕಾರಿಡಾರಿನಲ್ಲಿ ಒಂದು ಹಸಿರು ಬೆಂಚು ಇದೆ, ಒಂದು ಕಾಲು ಗಿಡ್ಡ, ಕೂತರೆ ಎಡಕ್ಕೆ ವಾಲುತ್ತದೆ. ಅದರ ಮೇಲೆ ಜೀರಿಗೆಯನ್ನು ತೊಡೆಯಲ್ಲಿ ಮಲಗಿಸಿಕೊಂಡು ಕೂತೆ. ಎದುರಿಗೆ ಬಾಗಿಲು, ಬಾಗಿಲಿಗೆ ಮಂಜು ಗಾಜು. ಒಳಗೆ ಸೊಸೆಯ ನೆರಳು ಅತ್ತ ಇತ್ತ ಹೋಗುವುದು ಕಾಣುತ್ತಿತ್ತು. ತನ್ನ ಮಗುವಿನ ಬಾಟಲಿಯನ್ನು ತಾನೇ ಪರೀಕ್ಷೆ ಮಾಡುವುದು ಬೇಡ ಎಂದು ದೊಡ್ಡ ಮೇಡಂ ರಜೆಯ ದಿನವೂ ಬಂದಿದ್ದರು. ಆದರೂ ಇವಳು ಹೊರಗೆ ಬಂದು ಕೂರಲಿಲ್ಲ, ಗಾಜು ತೊಳೆದು ಕೊಡುತ್ತಾ ಪಕ್ಕದಲ್ಲೇ ನಿಂತಿದ್ದಳು. ನಡುವೆ ಒಮ್ಮೆ ಹೊರಗೆ ಬಂದವಳೇ ನಿನ್ನ ಕುಚ್ಚು ನೆನಪಾಗಿ ಅಲ್ಲಿನ ಫೋನಿನಿಂದ ನಿನಗೆ ಮಾಡಿದಳು. ಆ ಫೋನೇ ನೀನು ತಪ್ಪು ತಿಳಿದುಕೊಂಡ ಫೋನು. ತನ್ನ ಮಗುವಿಗೆ ಏನಾಗಿದೆಯೋ ಗೊತ್ತಿಲ್ಲದ ಹೊತ್ತಿನಲ್ಲಿ ನಿನ್ನ ಚಿಂತೆ ಮಾಡಿದವಳಿಗೆ ನೀನು ಅಷ್ಟು ದೊಡ್ಡ ಪತ್ರ ಬರೆದೆ. ಇರಲಿ, ನಿನಗೆ ಹೇಗೆ ಗೊತ್ತಾಗಬೇಕು. ನಾನು ಆ ಬಾಗಿಲನ್ನೇ ನೋಡುತ್ತಾ ಕೂತಿದ್ದೆ. ಇಷ್ಟು ವರ್ಷ ಬದುಕಿದವಳು ನಾನು, ನನಗೆ ಏನಾದರೂ ಆಗಲಿ, ನಾನು ಚೀಪಿದ ದಾರದ ವಿಷ ಈ ಕೂಸಿನ ಹೊಟ್ಟೆಗೆ ಹೋಗಿರದಿರಲಿ ಎಂದು ಕಂಡ ಕಂಡ ದೇವರನ್ನೆಲ್ಲ ಬೇಡಿಕೊಂಡೆ.

ಬಾಗಿಲು ತೆರೆಯಿತು. ಸೊಸೆ ಹೊರಗೆ ಬಂದಳು. ಬಿಳಿ ಕೋಟು, ತಲೆಗೆ ಟೋಪಿ, ಕೈಗವಸು ಇನ್ನೂ ಕೈಯಲ್ಲೇ ಇತ್ತು. "ಏನೂ ಇಲ್ಲ ಅತ್ತೆ. ಗೆರೆ ನೆಟ್ಟಗಿದೆ" ಎಂದಳು. ಎರಡನೆಯ ಸಲವೂ ಹಾಕಿ ನೋಡಿದ್ದರಂತೆ. ಹೋದ ಜೀವ ಬಂದಂತಾಯಿತು. ಅವಳು ಅಲ್ಲೇ ನೆಲದ ಮೇಲೆ ಕುಸಿದು ಕೂತು ನನ್ನ ಮೊಣಕಾಲಿಗೆ ತಲೆ ಇಟ್ಟು ಅತ್ತಳು. ನಾನೂ ಅತ್ತೆ. ಜೀರಿಗೆ ಎಚ್ಚರವಾಗಿ, ತಾನು ಅಡುಗೆಮನೆಯ ಹಾಲಿನ ಪುಡಿಯ ಡಬ್ಬಿ ಖಾಲಿ ಮಾಡಿದ್ದು ನಮಗೆ ಗೊತ್ತಾಗಿಹೋಯಿತು ಎಂದುಕೊಂಡು, "ಸ್ವಲ್ಪವೇ ತಿಂದದ್ದು" ಎಂದು ತಾನೂ ಅತ್ತಳು. ಅವಳ ಹೊಟ್ಟೆ ಯಾಕೆ ಕೆಟ್ಟಿತ್ತು ಎಂದು ಹಾಗೆ ತಿಳಿಯಿತು.

ನನಗೆ ರಕ್ತ, ಮೂತ್ರಪಿಂಡ, ಯಕೃತ್ತು ಎಲ್ಲ ಪರೀಕ್ಷೆ ಮಾಡಿ, ದೊಡ್ಡ ಹಾನಿಯಾಗಿಲ್ಲ, ಆದರೆ ಹೀಗೇ ಮುಂದುವರಿದಿದ್ದರೆ ಒಂದು ದಿನ ಕೈಮೀರುತ್ತಿತ್ತು ಎಂದರು ಡಾಕ್ಟರು. ಈಗ ಹೊಟ್ಟೆ ಸರಿಯಾಗಿದೆ. ಸೊಸೆ ಮತ್ತೆ ಎಣ್ಣೆ, ಖಾರ ಎಲ್ಲ ಹಾಕುತ್ತಾಳೆ, ನಾನು ಎರಡನೆಯ ಸಲ ಬಡಿಸಿಕೊಳ್ಳುತ್ತೇನೆ. ಸರದಂಗಡಿಯ ಯಜಮಾನಿಗೆ ವಿಷಯ ಹೇಳಿದ ಕೂಡಲೇ ಅವಳು ಬೀಜವನ್ನೆಲ್ಲ ವಾಪಸು ಪಡೆದು ಆಸ್ಪತ್ರೆಯವರು ಹೇಳಿದ ಹಾಗೆ ವಿಲೇವಾರಿ ಮಾಡಿದಳು, ಮಾರಿಹೋದ ಸರಗಳನ್ನೂ ಹಿಂದಕ್ಕೆ ತರಿಸುತ್ತಿದ್ದಾಳೆ. ಪೋಣಿಸುವ ಹೆಂಗಸರನ್ನೆಲ್ಲ ಮೆರವಣಿಗೆಯ ಹಾಗೆ ಲ್ಯಾಬಿಗೆ ಕರೆತಂದಳು, ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಬಾಟಲಿ. ಕೆಲವರದರಲ್ಲಿ ಗುರುತು ಇತ್ತು, ಅವರಿಗೆಲ್ಲ ಔಷಧಿ ಆಗುತ್ತಿದೆ. ಈಗ ನಮಗೆ ಮತ್ತೆ ಗಾಜಿನ ಮಣಿ ಬಂದಿದೆ. ದಾರದ ತುದಿಗೆ ಜೇನುಮೇಣ ಉಜ್ಜುತ್ತೇವೆ, ಎಂಜಲು ಬಂದ್. ಅಭ್ಯಾಸಬಲದಿಂದ ನಾಲಿಗೆ ಹೊರಗೆ ಬಂದರೆ ಜೀರಿಗೆ ನನ್ನ ಕೈಗೆ ಪಟ್ಟನೆ ಹೊಡೆಯುತ್ತಾಳೆ, ಮನೆಯಲ್ಲಿ ಈಗ ಅವಳದೇ ಪೊಲೀಸುಗಿರಿ. ಇನ್ನು ಬೆಟ್ಟಕ್ಕೆ ತೂತು ಹಾಕುವ ನೀನು ಮುಖಗವಸು ಹಾಕಿಕೊಳ್ಳುತ್ತೀಯ, ಬೀಜಕ್ಕೆ ತೂತು ಹಾಕುವ ಅಮ್ಮನಿಗೂ ಒಂದು ಬೇಕಾದೀತು ಎಂದು ನಿನಗೆ ಹೊಳೆಯಲೇ ಇಲ್ಲವಲ್ಲ. ತಮಾಷೆಗೆ ಹೇಳಿದೆ, ನನಗೂ ಹೊಳೆದಿರಲಿಲ್ಲ.

ಹೊಳೆದದ್ದು ಅವಳೊಬ್ಬಳಿಗೆ. ನನ್ನ ಹೊಟ್ಟೆನೋವನ್ನು ನಾನು ಅವಳ ತಲೆಗೆ ಕಟ್ಟಿದೆ, ಅವಳು ಅದನ್ನು ಹೊತ್ತುಕೊಂಡೇ ಅದರ ಮೂಲ ಹುಡುಕಿದಳು. ಒಂದು ಸಲವಾದರೂ "ನೋಡಿದಿರಾ ಅತ್ತೆ" ಎಂದು ಹೇಳಲಿಲ್ಲ. ನಾನಾಗಿದ್ದರೆ ಬೀದಿಗೆಲ್ಲ ಸಾರುತ್ತಿದ್ದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳಿದ್ದರೂ ನನ್ನನ್ನು ಇಷ್ಟು ಗಮನವಿಟ್ಟು ನೋಡುತ್ತಿದ್ದಳೋ ಇಲ್ಲವೋ. ಅವಳ ಋಣ ನನ್ನ ಮೇಲಿದೆ, ಅದನ್ನು ಬಾಯಿಬಿಟ್ಟು ಅವಳಿಗೂ ಹೇಳಿದ್ದೇನೆ, ನಿನಗೂ ಹೇಳುತ್ತಿದ್ದೇನೆ. ಆದರೆ ನಿನ್ನ ಒಂಟಿತನವೂ ನನಗೆ ಗೊತ್ತು ಕಂದಾ. ದಿನವಿಡೀ ಕತ್ತಲೆಯಲ್ಲಿ ದುಡಿದು ಬಂದು ಖಾಲಿ ಮನೆಯ ಬೀಗ ತೆಗೆಯುವುದು ಸುಲಭವಲ್ಲ. ಅವಳು ಬರಲಿ ಎಂದು ಕೇಳುವ ಹಕ್ಕು ನಿನಗಿದೆ, ಇರುತ್ತೇನೆ ಎನ್ನುವ ಹಕ್ಕು ಅವಳಿಗೂ ಇದೆ. ಗಂಡ ಹೆಂಡತಿ ನೀವಿಬ್ಬರೂ ಮಾತಾಡಿಕೊಳ್ಳಿ, ನಾನು ನಡುವೆ ಬರುವುದಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡು. ಗವಸು ಮೂಗಿನ ಮೇಲಿರಲಿ. ನಿನ್ನ ಹೊಟ್ಟೆ ಸದಾ ತಣ್ಣಗಿರಲಿ, ಬೆಟ್ಟ ನಿನಗೆ ದಾರಿ ಕೊಡಲಿ. ಜೀರಿಗೆ ನಿನಗೆ ಮುತ್ತು ಕೊಡುತ್ತಾಳಂತೆ, ಕಾಗದಕ್ಕೆ ಕೊಟ್ಟಿದ್ದಾಳೆ, ಮೂಲೆಯಲ್ಲಿ ಒದ್ದೆಯಾಗಿದ್ದು ಅದೇ.

ಇಂತು ನಿನ್ನನ್ನೇ ನೆನೆಯುವ
ಅಮ್ಮ

ಮರೆತ ಮಾತು: ಪತ್ರ ಅಂಟಿಸುತ್ತಿದ್ದೆ, ಲ್ಯಾಬಿನಿಂದ ಫೋನ್ ಬಂತು. ದೂರದಿಂದ ಒಂದು ಮಗುವನ್ನು ಕರೆತಂದಿದ್ದಾರಂತೆ, ಆಡುವಾಗ ಯಾವುದೋ ಬೀಜ ಅಗಿದಿದೆ, ಯಾವ ಬೀಜ ಎಂದು ಯಾರಿಗೂ ತಿಳಿಯದು. ನಿನ್ನ ಹೆಂಡತಿ ಬಾಚಣಿಗೆಯನ್ನು ಜೀರಿಗೆಯ ಕೂದಲಲ್ಲೇ ಬಿಟ್ಟು ಓಡಿದಳು, ಉಳಿದರ್ಧ ಜಡೆ ನಾನು ಹೆಣೆದೆ. ಮಗುವಿನ ಜೊತೆ ಬಂದವಳು ಅದರ ಅಜ್ಜಿಯಂತೆ. ಈ ಹೊತ್ತಿಗೆ ಆ ವಾಲುವ ಬೆಂಚಿನ ಮೇಲೆ ಕೂತು ಬಾಗಿಲನ್ನೇ ನೋಡುತ್ತಿರುತ್ತಾಳೆ. ನಡುವೆ ಬರುವುದಿಲ್ಲ ಎಂದು ಮೇಲೆ ಬರೆದೆನಲ್ಲ, ಅದನ್ನು ಹೊಡೆದುಹಾಕು. ಸೊಸೆಯನ್ನು ನಾನು ಕಳಿಸುವುದಿಲ್ಲ. ಬೇಸರವಾದರೆ ರಜೆ ಹಾಕಿ ನೀನು ಬಾ, ಇಲ್ಲವೇ ಅವಳಿಗೆ ರಜೆ ಸಿಕ್ಕಾಗ ಮೂವರೂ ನಿನ್ನ ಮನೆಗೆ ಬಂದು ತಲೆ ತಿಂದು ಹೋಗುತ್ತೇವೆ. ಆ ಅಜ್ಜಿ ಕಾಯುತ್ತಿದ್ದಾಳೆ ಮಗನೇ, ಆ ಬಾಗಿಲು ತೆರೆದು ಹೊರಗೆ ಬರಲು ನಿನ್ನ ಹೆಂಡತಿ ಅಲ್ಲಿರಬೇಕು.